ಪಾಳಿ ಹಚ್ಚದ ಪಾಲುದಾರ

ಗಲಗಲಿಯಲ್ಲಿ ಕೃಷ್ಣೆಯ ನೀರು ಕುಡಿದು ಬೆಳೆದ ಕಬ್ಬಿಗೆ ಪಾಲುದಾರರು ಒಬ್ಬಿಬ್ಬರಲ್ಲ. ಕಡಿಯುವ ಗ್ಯಾಂಗಿಗೆ ಲಗಾಣಿ, ಟ್ರ್ಯಾಕ್ಟರಿನವನಿಗೆ ಖುಷಾಲಿ. ಇವರಾದರೂ ಕೇಳಿ ಪಡೆಯುವವರು. ಕೇಳದೇ ಮೇಯುವವನು ಇನ್ನೊಬ್ಬನಿದ್ದಾನೆ: ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಹೆಸರು ನಾಲಿಗೆಗೆ ತೊಡಕು ನಿಜ. ಇಡ್ಲಿ ಹಿಟ್ಟು ಉಬ್ಬಿಸುವ ಪುಣ್ಯಾತ್ಮನೂ ಇವನೇ ಎಂದರೆ ಗುರುತು ಸಿಕ್ಕೀತು. ಫ್ರಾನ್ಸಿನ ವಿಜ್ಞಾನಿ ವಾನ್ ಟೀಘೆಮ್ 1878ರಲ್ಲಿ ಇವನಿಗೆ ನಾಮಕರಣ ಮಾಡಿದ್ದು ಸಕ್ಕರೆ ಕಾರ್ಖಾನೆಯ ಲೋಳೆಯನ್ನು ನೋಡಿಯೇ. ಅಂದರೆ ಕಾರ್ಖಾನೆಯವರಿಗೆ ಇವನು ಹೊಸಬನೇನಲ್ಲ.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಯಾವ ರಸ್ತೆಯಲ್ಲಾದರೂ ಹಂಗಾಮಿನಲ್ಲಿ ಟ್ರೇಲರುಗಳು ಪಾಳಿ ಹಚ್ಚಿ ನಿಂತಿರುತ್ತವೆ. ಇವನಿಗೆ ಪಾಳಿ ಇಲ್ಲ. ಕುಡಗೋಲು ಬಿದ್ದ ತುದಿಯಿಂದ ನೇರ ಒಳಗೆ. ಸಕ್ಕರೆಯ ರುಚಿ ಹತ್ತಿದ್ದೇ ತಡ, ಇವನ ಜೀನು ಎಚ್ಚರವಾಗಿ ಡೆಕ್ಸ್‌ಟ್ರಾನ್‌ಸುಕ್ರೇಸ್ ಎಂಬ ಕಿಣ್ವ ಹೊರಡುತ್ತದೆ. ಅದು ಸುಕ್ರೋಸನ್ನು ಒಡೆದು, ಗ್ಲುಕೋಸನ್ನು ಸರವಾಗಿ ಪೋಣಿಸಿ, ಡೆಕ್ಸ್‌ಟ್ರಾನ್ ಎಂಬ ಲೋಳೆ ನೇಯುತ್ತದೆ. ಲೋಳೆಯೇ ಮನೆ. ಆಶ್ರಯ ಯೋಜನೆಗೆ ಅರ್ಜಿ ಹಾಕದೆ, ಪಂಚಾಯಿತಿ ಮೆಂಬರನ ಕೈ ಬೆಚ್ಚಗೆ ಮಾಡದೆ ಈ ಜಿಲ್ಲೆಯಲ್ಲಿ ಎದ್ದ ಮನೆ ಇದೊಂದೇ ಇರಬೇಕು.

ನಮ್ಮ ಹಲ್ಲಿನ ಸಂದಿಯ ಬಂಧು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸನದೂ ಇದೇ ಕಸುಬು. ಅದೇ ಸಕ್ಕರೆಯಿಂದ ಅಂಟು ತಯಾರಿಸುವ ಅವನ ಜೀನುಗಳು ಜಿಟಿಎಫ್‌-ಬಿ, ಜಿಟಿಎಫ್‌-ಸಿ. ಅವನಲ್ಲಿ ಸಂಘಟನೆ ಇನ್ನೂ ಬಿಗಿ. ಪ್ರತಿಯೊಬ್ಬನೂ ಒಂದೊಂದು ಸಣ್ಣ ಪೆಪ್ಟೈಡನ್ನು ಹೊರಗೆ ಬಿಡುತ್ತಾನೆ. ಅದು ಸುತ್ತ ದಟ್ಟವಾಯಿತೋ, ನಮ್ಮವರು ಸಾಕಷ್ಟು ಸೇರಿದ್ದಾರೆಂದು ತಿಳಿದು ಎಲ್ಲರೂ ಒಟ್ಟಿಗೆ ಜೀನು ಚಾಲೂ ಮಾಡುತ್ತಾರೆ. ಅಧ್ಯಕ್ಷರಿಲ್ಲ, ಹಾರವಿಲ್ಲ, ಒಳಗೊಳಗೇ ಫೋನಿನಲ್ಲಿ ರಾಜಿಯಾಗುವ ಮುಖಂಡನಿಲ್ಲ. ಕಬ್ಬಿನ ದರದ ಸಭೆಗಳನ್ನು ಕಂಡವರಿಗೆ ಹೊಟ್ಟೆ ಉರಿಯದಿದ್ದೀತೆ?

ಇಷ್ಟಕ್ಕೇ ನಿಂತಿದ್ದರೆ ಕಳ್ಳನೆಂದು ಬಿಡಬಹುದಿತ್ತು. ಲ್ಯೂಕೊನೊಸ್ಟಾಕ್ ಲೆಕ್ಕಪತ್ರವನ್ನೂ ಬಲ್ಲ. ಕಾರ್ಖಾನೆಯ ಪ್ರಯೋಗಾಲಯ ರಸದ ಸಕ್ಕರೆಯನ್ನು ಅಳೆಯುವುದು ಬೆಳಕು ಎಷ್ಟು ತಿರುಗಿತೆಂದು ನೋಡಿ. ಡೆಕ್ಸ್‌ಟ್ರಾನು ಸಕ್ಕರೆಗಿಂತ ಸುಮಾರು ಮೂರು ಪಟ್ಟು ತಿರುಗಿಸುತ್ತದೆ. ಹಾಗಾಗಿ ಯಂತ್ರದಲ್ಲಿ ಸಕ್ಕರೆ ಜಾಸ್ತಿ, ಚೀಲದಲ್ಲಿ ಕಮ್ಮಿ! ಇಂಥ ಜಾಣನನ್ನು ಯಾವ ಆಡಳಿತ ಮಂಡಳಿಯೂ ಇನ್ನೂ ನಿರ್ದೇಶಕನಾಗಿ ಆರಿಸಿಲ್ಲ ಎಂಬುದೇ ಸೋಜಿಗ.

ಬಿಲ್ಲು ಮಾತ್ರ ರೈತನಿಗೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕಬ್ಬಿನ ದರವಾದ ಎಫ್‌ಆರ್‌ಪಿ ಶೇಕಡಾ 10.25 ರಿಕವರಿಗೆ, ಅಂದರೆ ಕಬ್ಬಿನಿಂದ ಇಳಿಯುವ ಸಕ್ಕರೆಯ ಪಾಲಿಗೆ, ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ ಶೇಕಡಾ 0.1 ಇಳಿದರೆ 3 ರೂಪಾಯಿ 46 ಪೈಸೆ ಕಡಿತ, 9.5ಕ್ಕಿಂತ ಕೆಳಗೆ ಹೋದರೆ 329.05 ರೂಪಾಯಿಗೆ ನಿಲ್ಲುತ್ತದೆ. ಟ್ರೇಲರನ್ನು ಗೇಟಿನಲ್ಲಿ ಬಿಸಿಲಿಗೆ ನಿಲ್ಲಿಸಿ ಲೋಳೆಗೆ ಹೊತ್ತು ಕೊಟ್ಟವರ ಹೆಸರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಕಾರ್ಖಾನೆಯ ಯಜಮಾನರೇ, ಕಾಂಟಾ ಚೀಟಿಯಲ್ಲಿ ತೂಕದ ಪಕ್ಕ ಕಬ್ಬು ಕಡಿದ ಗಂಟೆ, ಗೇಟಿಗೆ ಬಂದ ಗಂಟೆ, ನುರಿಸಿದ ಗಂಟೆ ಮೂರನ್ನೂ ಬರೆದುಕೊಡಿ. ಯಾರ ವಶದಲ್ಲಿದ್ದಾಗ ಸಕ್ಕರೆ ಲೋಳೆಯಾಯಿತೆಂದು ರೈತ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.