ಸುಕ್ಕು

ಮದುವೆ ಮನೆಗೆ ಹೊರಡುವ ದಿನವೇ ಹತ್ತಿ ಜುಬ್ಬ ಬೀರುವಿನ ಮೂಲೆಯಲ್ಲಿ ಮುದ್ದೆಯಾಗಿ ಸಿಗಬೇಕು, ಬೀದಿ ತುದಿಯ ಇಸ್ತ್ರಿ ಗಾಡಿಯವನೂ ಅವತ್ತೇ ಊರಿಗೆ ಹೋಗಿರಬೇಕು. ಮೊನ್ನೆ ಎರಡೂ ಒಟ್ಟಿಗೇ ಆದವು. ಸರಿ, ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೇಜಿಗೆ ಹಳೇ ಕಂಬಳಿ ಹಾಸಿ ನಾನೇ ಶುರುವಿಟ್ಟುಕೊಂಡೆ. ಬೆನ್ನಿನ ಮೇಲಿನ ಒಂದು ಸುಕ್ಕು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. "ನೀರು ಚಿಮುಕಿಸೋ, ಒಣಬಟ್ಟೆ ಎಷ್ಟು ಉಜ್ಜಿದರೂ ಅಷ್ಟೆ" ಎಂದಳು ಅಮ್ಮ, ಹುರುಳೀಕಾಯಿ ಬಿಡಿಸುತ್ತ ಕೂತಲ್ಲಿಂದಲೇ. ಚಿಮುಕಿಸಿದೆ. ಚುಯ್ ಎಂದು ಆವಿ ಎದ್ದಿತು, ಸುಕ್ಕು ಹೋಯಿತು.

ಅಮ್ಮ ರಸಾಯನಶಾಸ್ತ್ರ ಓದಿದವಳಲ್ಲ. ಓದಿದವನು ನಾನು. ಪಿಯುಸಿಯಲ್ಲಿ ನಮ್ಮ ಮೇಷ್ಟ್ರು ರಾಸಾಯನಿಕ ಬಂಧಗಳಿಗೇ ಮೂರು ವಾರ ಹಿಡಿದಿದ್ದರು. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಧಾರೆ ಎರೆದರೆ ಅಯಾನಿಕ ಬಂಧ. ಇಬ್ಬರು ಸೇರಿ ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡರೆ ಸಹವೇಲೆನ್ಸೀಯ ಬಂಧ. ಈ ಜೋಡಿಯ ವಿಚಾರ 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಹೇಳಿದ್ದು. ನಮ್ಮ ನೋಟ್‌ಬುಕ್ಕಿನ ತುಂಬ ಅವರ ಚುಕ್ಕಿಗಳೇ, ರಂಗೋಲಿಗೆ ಕೂತವರು ಗೆರೆ ಎಳೆಯುವುದನ್ನು ಮರೆತಂತೆ. ಲೂಯಿಸ್‌ಗೆ ನೊಬೆಲ್ ಬರಲೇ ಇಲ್ಲ ಎಂಬುದನ್ನು ಮೇಷ್ಟ್ರು ತಮ್ಮದೇ ಬಡ್ತಿ ತಪ್ಪಿದಷ್ಟು ಸಂಕಟದಿಂದ ಹೇಳುತ್ತಿದ್ದರು. ಹೈಡ್ರೋಜನ್ ಬಂಧವೆಂಬ ಬಡಪಾಯಿಗೆ ದಕ್ಕಿದ್ದು ಕೊನೆಯ ಅರ್ಧ ಪೀರಿಯಡ್ಡು. ಅಷ್ಟರಲ್ಲಿ ಬೆಲ್ಲೂ ಹೊಡೆಯಿತು.

ನನ್ನ ಜುಬ್ಬದಲ್ಲಿ ಠಿಕಾಣಿ ಹೂಡಿದ್ದು ಆ ಬಡಪಾಯಿಯೇ. ಹತ್ತಿ ಎಂದರೆ ಸೆಲ್ಯುಲೋಸ್: ಗ್ಲುಕೋಸ್ ಮಣಿಗಳನ್ನು ಸಾವಿರಗಟ್ಟಲೆ ಪೋಣಿಸಿದ ಉದ್ದುದ್ದ ಸರ. ಮಣಿಗೆ ಮಣಿ ಹಿಡಿದಿರುವುದು ಗಟ್ಟಿ ಸಹವೇಲೆನ್ಸೀಯ ಬಂಧ. ಸರಕ್ಕೂ ಸರಕ್ಕೂ ನಡುವೆ ಇರುವುದು ಹೈಡ್ರೋಜನ್ ಬಂಧ. ಬಲದಲ್ಲಿ ಆ ಗಟ್ಟಿ ಬಂಧದ ಹತ್ತನೇ ಒಂದು ಪಾಲೂ ಇಲ್ಲ, ಸಂಖ್ಯೆಗೆ ಮಾತ್ರ ಲೆಕ್ಕವಿಲ್ಲ. ಹಸಿ ಬಟ್ಟೆ ಮುದುರಿಕೊಂಡೇ ಒಣಗಿತೋ, ಇವು ಆ ಭಂಗಿಯಲ್ಲೇ ಕೈ ಕೈ ಹಿಡಿದು ಕೂತುಬಿಡುತ್ತವೆ. ಚಿಮುಕಿಸಿದ ನೀರು ನಡುವೆ ನುಗ್ಗಿ ಕೈ ಬಿಡಿಸುತ್ತದೆ. ಕಾದ ಪೆಟ್ಟಿಗೆ ಆ ನೀರನ್ನೂ ಓಡಿಸಿ, ಬಟ್ಟೆ ನೆಟ್ಟಗಿರುವಾಗಲೇ ಹೊಸದಾಗಿ ಹಿಡಿಸುತ್ತದೆ. ಗಟ್ಟಿ ಬಂಧದ ತಂಟೆಗೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನ ಇನ್ನೊಂದು ಅಂಗಿ ಸಾಕ್ಷಿ. ಫೋನ್ ಬಂತೆಂದು ಪೆಟ್ಟಿಗೆಯನ್ನು ಅದರ ಮೇಲೇ ಬಿಟ್ಟು ಹೋಗಿದ್ದೆ. ಜೇಬಿನ ಕೆಳಗೆ ದೋಣಿಯಾಕಾರದ ಕಂದು ಕಲೆ. ಕೊಡಗಟ್ಟಲೆ ನೀರು ಹಾಕಿದರೂ ಹೋಗುವಂಥದ್ದಲ್ಲ.

ಜುಬ್ಬ ಮಡಿಸುವಾಗ ಮೇಲೆ ಯಾರೋ ಲೊಚಗುಟ್ಟಿದರು. ಸೂರಿನಲ್ಲಿ ತಲೆಕೆಳಗಾಗಿ ಹಲ್ಲಿ. ಅದರ ಕಾಲಲ್ಲಿ ಗೋಂದಿಲ್ಲ. ಬೆರಳಡಿಯ ಸೂಕ್ಷ್ಮ ರೋಮಗಳ ತುದಿ ಸೀಳಿ ಸೀಳಿ ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆಂದರೆ, ಬಂಧ ಎನ್ನಲೂ ಸಂಕೋಚವಾಗುವ ವಾನ್ ಡರ್ ವಾಲ್ಸ್ ಸೆಳೆತವೇ ಅದಕ್ಕೆ ಸಾಕು. ಇದನ್ನು ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿಕೊಟ್ಟರು. ಅವರು ಪರೀಕ್ಷಿಸಿದ ಟೋಕೇ ಎಂಬ ದೊಡ್ಡ ಹಲ್ಲಿಗೆ ಪಾದವೊಂದಕ್ಕೆ ಸುಮಾರು 5 ಲಕ್ಷ ರೋಮ. ಒಣ ಟೆಫ್ಲಾನ್ ಮೇಲೆ ಮಾತ್ರ ಈ ಆಟ ನಡೆಯದು. ನಾನ್‌ಸ್ಟಿಕ್ ಕಾವಲಿಗೆ ದೋಸೆಯೂ ಅಂಟದು, ಹಲ್ಲಿಯೂ ಅಂಟದು. ತಲೆ ಮೇಲೆ ಬಿದ್ದರೆ ಈ ಫಲ, ಭುಜದ ಮೇಲೆ ಬಿದ್ದರೆ ಆ ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ಇಷ್ಟು ಭದ್ರವಾಗಿ ಕೂತದ್ದು ಬಿದ್ದರೆ ವಿಶೇಷವೇ ಅಲ್ಲವೆ ಎಂದುಕೊಳ್ಳುತ್ತ ನೋಡುತ್ತಿದ್ದೆ.

ಹಲ್ಲಿ ಬೀಳಲಿಲ್ಲ. ಅದರ ಕಡೆಯಿಂದ ಸಣ್ಣದೊಂದು ಪ್ರಸಾದ ಮಾತ್ರ ನೇರವಾಗಿ ಜುಬ್ಬದ ಬೆನ್ನಿಗೆ ಬಿತ್ತು.

"ಇನ್ನು ಚಿಮುಕಿಸಿದರೆ ಸಾಲದು, ಒಗಿ" ಎಂದಳು ಅಮ್ಮ, ತಲೆಯೆತ್ತದೆ.