ಭಿತ್ತಿದೂರದರ್ಶನ ಮೀಮಾಂಸೆ: ದರೋಜಿ ಸೀಮೆಗೆ ಅನ್ವಯಿಸಿ

ಯಾವ ಶಾಸ್ತ್ರವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಕೊಂಡೇ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ 65 ಇಂಚಿನ ಟಿವಿ. ಅಧಿಕಾರಿ ಯಾರೆಂದರೆ ಕಂತು ಕಟ್ಟುತ್ತೇನೆಂದು ಸಹಿ ಹಾಕಿದ ಗೃಹಸ್ಥ. 32 ಇಂಚು ಮೀರಿದ ಟಿವಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ 18ಕ್ಕೆ ಇಳಿದ ಮೇಲೆ, ಅಧಿಕಾರಿಯಾಗದೆ ತಪ್ಪಿಸಿಕೊಳ್ಳಲು ಅವನಿಗೆ ನೆಪವೇ ಉಳಿದಿಲ್ಲ. ಸಂಬಂಧವೆಂಬುದು ಟಿವಿಗೂ ಗೋಡೆಗೂ ಇರುವಂಥದ್ದು; ಅದೆಷ್ಟು ಸಡಿಲವೆಂದು ಮುಂದೆ ನೋಡೋಣ. ಪ್ರಯೋಜನದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಚಪ್ಪಟೆ ಪರದೆ ಹೊರಗಿನಿಂದ ಬಂದದ್ದು ಎಂಬ ಪೂರ್ವಪಕ್ಷವನ್ನು ಮೊದಲು ಖಂಡಿಸಲಾಗುವುದು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಗೆ ಹೋಗಿ ನೋಡಿ. ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಜಗೋಪುರವನ್ನು ತಲೆಕೆಳಗಾಗಿ ಎದುರು ಗೋಡೆಗೆ ಇಳಿಸುತ್ತದೆ. ಪರದೆ ಗೋಡೆಗೇ ಅಂಟಿದ್ದು. ಕರೆಂಟು ಬೇಡ, ರೀಚಾರ್ಜ್ ಬೇಡ, ಜಾಹೀರಾತಿನ ಕಾಟವಿಲ್ಲ. ಚಾನೆಲ್ಲು ಒಂದೇ, ಕಾರ್ಯಕ್ರಮವೂ ಒಂದೇ, ಆದರೂ ಜನ ಬೇಸರಪಟ್ಟುಕೊಂಡಿಲ್ಲ. ಚಿತ್ರ ತಲೆಕೆಳಗಾಗಿದೆಯಲ್ಲ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಸುದ್ದಿ ಚಾನೆಲ್ ನೋಡುವವರಿಗೆ ಅದು ರೂಢಿಯಾಗಿಯೇ ಇದೆ.

ಧಾರಾವಾಹಿಯ ಮೂಲವೂ ಇಲ್ಲಿಯದೇ. ಹಂಪಿಯದೇ ಆದ ಹಜಾರರಾಮ ಗುಡಿಯ ಗೋಡೆಗಳ ಮೇಲೆ 15ನೇ ಶತಮಾನದಲ್ಲೇ ರಾಮಾಯಣವನ್ನು ಸಾಲುಸಾಲಾಗಿ ಕೆತ್ತಿಟ್ಟರು. ದೂರದರ್ಶನಕ್ಕೆ ಆ ಬುದ್ಧಿ ಬಂದದ್ದು 1987ರಲ್ಲಿ. ಗುಡಿಯಲ್ಲಿ ಕಥೆ ನಿಂತಿರುತ್ತದೆ, ನೋಡುವವನು ಪ್ರದಕ್ಷಿಣೆ ಹಾಕಬೇಕು. ಈಗ ನೋಡುವವನು ಕೂತಿರುತ್ತಾನೆ, ಕಂತು ಓಡುತ್ತಿರುತ್ತದೆ, ಬ್ಯಾಂಕಿನದೂ ಸೇರಿ.

ಆಮೇಲೊಂದು ಅನ್ಯಾಯ ನಡೆಯಿತು. 1975ರ ಆಗಸ್ಟ್‌ನಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ಶುರುವಾದಾಗ, ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಗಂಗಾವತಿ ಆಗ ರಾಯಚೂರು ಜಿಲ್ಲೆಯದು. ಹೀಗೆ ತುಂಗಭದ್ರೆಯ ಆಚೆ ದಂಡೆಯ ಜಿಲ್ಲೆಗೆ ಸಿಕ್ಕಿದ್ದು ಈಚೆ ದಂಡೆಯ ಕಂಪ್ಲಿ, ಹೊಸಪೇಟೆ, ದರೋಜಿಗೆ ಸಿಗಲಿಲ್ಲ. ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು ನಿಜ. ಈಚೆ ದಂಡೆಯವರು ಈಗ ಗೋಡೆ ತುಂಬ ಟಿವಿ ಹಾಕಿಸುವುದು ಆ ಒಂದು ವರ್ಷದ ಬಾಕಿ ವಸೂಲಿ ಎಂದು ಪ್ರಬಂಧಕಾರನ ಮತ. ಪುರಾವೆ ಕೇಳಬಾರದು.

ಇನ್ನು ಸಂಬಂಧ ಪ್ರಕರಣ. 65 ಇಂಚು ಎಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲ ಸುಮಾರು 144 ಸೆಂ.ಮೀ., ಎತ್ತರ 81. ಹಳೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ ಇಷ್ಟು ಗೋಡೆ ತೆರವಾಗಬೇಕಾದರೆ ದೇವರ ಪಟಗಳೂ ತಾತನ ಫೋಟೋವೂ ಬೇರೆ ಗೋಡೆ ನೋಡಿಕೊಳ್ಳಬೇಕು. ಡ್ರಿಲ್ ಹಿಡಿದು ಹುಡುಗ ಬರುತ್ತಾನೆ. ಮೊದಲ ತೂತಿನಿಂದ ಗಾರೆ ಉದುರುತ್ತದೆ, ಎರಡನೆಯದರಿಂದ ಕೆಂಪು ಮಣ್ಣು. ಮೂರನೆಯದರಲ್ಲಿ ಕಲ್ಲು ತಾಗಿ ಡ್ರಿಲ್ಲಿನ ಬಿಟ್ ಕಿರುಚುತ್ತದೆ. “ಅಣ್ಣಾ, ಈ ಗೋಡಿ ಹಿಡಿಯಂಗಿಲ್ಲ ನೋಡ್ರಿ. ಟೇಬಲ್ ಮ್ಯಾಲೇ ಇಡ್ರಿ.” ಅಲ್ಲಿಗೆ ಭಿತ್ತಿದೂರದರ್ಶನವು ಪೀಠದೂರದರ್ಶನವಾಗುತ್ತದೆ. ಸಂಡೂರು ಗುಡ್ಡದ ಅದಿರಿನ ಧೂಳು ಕೂರದಿರಲೆಂದು ಅಜ್ಜಿ ಅದಕ್ಕೆ ಲಂಬಾಣಿ ಕಸೂತಿಯ ಹೊದಿಕೆ ಹೊದಿಸುತ್ತಾಳೆ. ಆ ಕನ್ನಡಿ ಬಿಲ್ಲೆಗಳು ಪರದೆಗೆ ಗೀರು ಹಾಕುತ್ತವೆಂದು ಮೊಮ್ಮಗನ ತಕರಾರು. ಮುಚ್ಚಿಟ್ಟಾಗಲೇ ಟಿವಿ ಚೆಂದ ಕಾಣುತ್ತದೆಂದು ಅಜ್ಜಿಯ ಸಿದ್ಧಾಂತ. ಹೊದಿಕೆ ನೋಡಿದವರು ಅಜ್ಜಿಯ ಪಕ್ಷವನ್ನೇ ಹಿಡಿಯುತ್ತಾರೆ.

ಪ್ರಯೋಜನಕ್ಕೆ ಬರೋಣ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದಂತೆ ಕರಡಿಗಳು ಬಂದು ನೆಕ್ಕುತ್ತವೆ, ಜನ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಬರಿಗಣ್ಣಿಗೆ ಕಾಣುವುದು ಬಂಡೆಯ ಮೇಲೆ ಸರಿದಾಡುವ ಕಪ್ಪು ಚುಕ್ಕೆ. ಅದೇ ಜನ ರಾತ್ರಿ ಮನೆಗೆ ಬಂದು ವನ್ಯಜೀವಿ ಚಾನೆಲ್ ಹಾಕುತ್ತಾರೆ. 82,94,400 ಚುಕ್ಕೆಗಳ 4ಕೆ ಪರದೆಯಲ್ಲಿ ಕರಡಿಯ ಎದೆಯ ಬಿಳಿ ಗುರುತು, ಉದ್ದುಗುರಿಗೆ ಮೆತ್ತಿದ ಮಣ್ಣು, ಗೆದ್ದಲು ಹೀರಲು ಅನುಕೂಲವಾಗುವಂತೆ ಮೇಲಿನ ಎರಡು ಮುಂಬಲ್ಲುಗಳಿಲ್ಲದ ಬಾಯಿ, ಎಲ್ಲ ಎದುರಿಗೇ. ಮನೆಯ ಹುಡುಗ ತೀರ್ಪು ಕೊಡುತ್ತಾನೆ: “ನಮ್ಮ ಕಾಡಿನಾಗ ಕ್ಲಾರಿಟಿ ಇಲ್ಲಪ್ಪ.” ಇದನ್ನು ಅರಣ್ಯ ಇಲಾಖೆ ಯಾವ ಮೆಕ್ಯಾನಿಕ್‌ನನ್ನು ಕರೆಸಿ ಸರಿಪಡಿಸೀತು? ಕರಡಿಗೆ ಕಣ್ಣಿಗಿಂತ ಮೂಗು ಚುರುಕು. ಬೆಲ್ಲದ ವಾಸನೆಯಿಲ್ಲದ ಟಿವಿಯನ್ನು ಅದು ತಿರುಗಿಯೂ ನೋಡದು. ಆದರೆ ಚಾನೆಲ್ಲಿನವರೂ ಸಂಜೆಯಾಗುವ ಹೊತ್ತಿಗೆ ಬೆಲ್ಲ ಬಳಿದು ಕಾಯುವವರೇ. ಅಲ್ಲಿ ನೆಕ್ಕಲು ಬರುವವರು ನಾವು.

ಇದೇ ದರೋಜಿಯ ಬುರ್ರಕಥಾ ಈರಮ್ಮ, 2014ರಲ್ಲಿ ತೀರಿಕೊಂಡವರು, ಅಕ್ಷರ ಕಲಿಯದೆಯೇ ಹನ್ನೆರಡು ಮಹಾಕಥೆಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಅವರ ಕಥೆ ನಡುವೆ ಚಕ್ರ ತಿರುಗಿಸುತ್ತ ನಿಂತುಬಿಡುತ್ತಿರಲಿಲ್ಲ. ಈ ಸಾಮಗ್ರಿಯನ್ನು ಯಾವ ಪ್ರಕರಣಕ್ಕೆ ಸೇರಿಸಬೇಕೆಂದು ಶಾಸ್ತ್ರಕ್ಕೇ ಗೊಂದಲ. ಅವರ ಮಾಡೆಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಕಡೆಯದು ಸ್ವಾಮಿತ್ವ ಪ್ರಕರಣ. ಟಿವಿಯ ಒಡೆಯ ಯಾರು? ಕಂತು ಕಟ್ಟುವವನು ಎಂಬುದು ಬರೀ ಪೂರ್ವಪಕ್ಷ. ರಿಮೋಟು ಯಾರ ಕೈಯಲ್ಲಿದೆಯೋ ಅವರೇ ಒಡೆಯರು. ಸಂಜೆ ಆರರಿಂದ ಹತ್ತರವರೆಗೆ ಅದು ಅತ್ತೆ-ಸೊಸೆಯರ ಕೈಯಲ್ಲಿ. ಪರದೆಯ ಒಳಗೂ ಅತ್ತೆ-ಸೊಸೆ, ಹೊರಗೂ ಅತ್ತೆ-ಸೊಸೆ, ಅಷ್ಟು ಹೊತ್ತು ಜಗಳ ಒಳಗೆ ಮಾತ್ರ. ಅದನ್ನೇ ಪ್ರಯೋಜನವೆಂದು ಬಗೆದು ಕೆಲವು ಗೃಹಸ್ಥರು ನೂರು ಇಂಚಿನದನ್ನು ವಿಚಾರಿಸುತ್ತಿದ್ದಾರೆ. ಕಂತುದಾರನಿಗೆ ಶಾಸ್ತ್ರ ಉಳಿಸಿರುವ ಹಕ್ಕು ಒಂದೇ. ಕಿಷ್ಕಿಂಧೆಯ ವಂಶಸ್ಥರು ಮಾಳಿಗೆಯ ಮೇಲಿನ ಡಿಶ್‌ಗೆ ಜೋತುಬಿದ್ದು ತಿರುಗಿಸಿ ಹೋದಾಗ, ಏಣಿ ಹತ್ತಿ ಅದನ್ನು ಆಗ್ನೇಯಕ್ಕೆ ಮುಖಮಾಡಿ ಕೂರಿಸುತ್ತ “ಬಂತೇನ್ರಿ?” ಎಂದು ಅವನು ಕೂಗಬಹುದು. ಕೆಳಗಿನಿಂದ ಉತ್ತರ ಬಾರದಿದ್ದರೆ ಚಿತ್ರ ಬಂದಿದೆಯೆಂದು ತಿಳಿಯತಕ್ಕದ್ದು.