ಗಿರಿವ್ಯಸನಿಯ ವೃತ್ತಿ-ವಸತಿ ಸಂಕಥನ: ಒಂದು ಪೂರ್ವಪೀಠಿಕೆಯ ಪ್ರಸ್ತಾವನೆ

ಚಿಕ್ಕಮಗಳೂರು ಜಿಲ್ಲೆಯ ಸಮಾಜಶಾಸ್ತ್ರದಲ್ಲಿ ಒಂದು ದೊಡ್ಡ ಕಂದಕವಿದೆ ಎಂದು ಪ್ರಸ್ತುತ ಪ್ರಬಂಧಕಾರರು ವಿನಮ್ರವಾಗಿ ಘೋಷಿಸುತ್ತಾರೆ. (ಪ್ರಬಂಧ ಅಂದಮೇಲೆ ಕಂದಕ ಇರಲೇಬೇಕು, ಇಲ್ಲದಿದ್ದರೆ ತೋಡಿಕೊಳ್ಳಬೇಕು.) ಯೆಮೆನ್ನಿನಿಂದ ಏಳು ಬೀಜ ತಂದರೆನ್ನುವ ಬಾಬಾಬುಡನ್ ಬಗ್ಗೆ ಇಲ್ಲಿನ ಪ್ರತಿ ಸ್ವಾಗತ ಭಾಷಣದಲ್ಲೂ ಒಂದು ಪ್ಯಾರಾ ಇದೆ. ಕಾಫಿ ಗಿಡದ ಕಾಂಡಕೊರಕ ಹುಳುವಿನ ಯೋಗಕ್ಷೇಮ ನೋಡಿಕೊಳ್ಳಲು ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವೇ ಇದೆ. ಆದರೆ ಬೆಟ್ಟದ ಮೋಹಕ್ಕೆ ಬೆಂಗಳೂರಿನ ಕೆಲಸ ಬಿಟ್ಟು, ಬೆನ್ನಿಗೊಂದು ಚೀಲ ಏರಿಸಿ, ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು, ನೀರುದೋಸೆ ತಿನ್ನುತ್ತ "ಅಣ್ಣಾ, ಇಲ್ಲೇನಾದ್ರೂ ಕೆಲ್ಸ ಸಿಗುತ್ತಾ? ಉಳ್ಕೊಳ್ಳೋಕೆ ಒಂದ್ ರೂಮೂ ಬೇಕಿತ್ತು" ಎಂದು ಕೇಳುವ ಜೀವಿಯ ಬಗ್ಗೆ ಒಬ್ಬ ವಿದ್ವಾಂಸನೂ ತಲೆ ಕೆಡಿಸಿಕೊಂಡಿಲ್ಲ. ಈ ಜೀವಿಯನ್ನು ಇನ್ನು ಮುಂದೆ ‘ಗಿರಿವ್ಯಸನಿ’ ಎಂದು ಕರೆಯಲಾಗುವುದು.

1.1 ಸೈದ್ಧಾಂತಿಕ ಚೌಕಟ್ಟು. ಗಿರಿವ್ಯಸನಿಯ ಇರವು, ನಗರಕೇಂದ್ರಿತ ವೇತನಸಂಕಥನವನ್ನು ನಿರಚನೆಗೊಳಪಡಿಸುತ್ತಲೇ ಶಿಖರಾಭಿಮುಖಿ ಅಸ್ಮಿತೆಯೊಂದನ್ನು ಕಟ್ಟಿಕೊಳ್ಳುವ, ಹಾಗೆ ಕಟ್ಟಿಕೊಳ್ಳುತ್ತಲೇ ಬಾಡಿಗೆಯ ಯಾಜಮಾನ್ಯದೊಂದಿಗೆ ಮುಖಾಮುಖಿಯಾಗುವ, ನೆಲಮೂಲವಲ್ಲದ ಆದರೆ ನೆಲಾಪೇಕ್ಷಿಯಾದ ದ್ವಂದ್ವಾತ್ಮಕ ಅನುಸಂಧಾನವಾಗಿದೆ. ಇದನ್ನೇ ಸರಳವಾಗಿ ಹೇಳಬಹುದಿತ್ತು. ಸರಳವಾಗಿ ಹೇಳಿದವರಿಗೆ ವಿಚಾರ ಸಂಕಿರಣದ ಪ್ರಯಾಣಭತ್ಯೆ ಸಿಗುವುದಿಲ್ಲ.

1.2 ತೌಲನಿಕ ಪರಿಪ್ರೇಕ್ಷ್ಯ. ಹಿಮ ಬೀಳುವ ದೇಶಗಳಲ್ಲಿ ‘ಸ್ಕೀ ಬಮ್’ ಎಂಬ ಪ್ರಭೇದವುಂಟು. ಹಗಲೆಲ್ಲ ಹಿಮದ ಮೇಲೆ ಜಾರಲು ಸಿಗಲಿ ಎಂಬ ಒಂದೇ ಆಸೆಗೆ ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆಯುವವನು, ಒಂದು ಕೋಣೆಯಲ್ಲಿ ನಾಲ್ಕಾರು ಜನ ಮಲಗುವವನು, ಅದೂ ಸಿಗದಿದ್ದರೆ ವ್ಯಾನಿನಲ್ಲೇ ಚಳಿಗಾಲ ಕಳೆಯುವವನು. ಅಮೆರಿಕದ ಆಸ್ಪೆನ್, ಕೆನಡಾದ ವಿಸ್ಲರ್‌ನಂಥ ಊರುಗಳು ಇಂಥವರ ದುಡಿಮೆಯ ಮೇಲೆ ನಿಂತಿವೆ. ಅಲ್ಲಿನ ಸಂಕಟದ ಬುಡ ಬಹಳ ಸಾದಾ: ಪ್ರವಾಸಿಗರು ಬರುವ ತಿಂಗಳೂ ಕೆಲಸಗಾರರು ಬೇಕಾಗುವ ತಿಂಗಳೂ ಒಂದೇ. ಕೆಲಸಗಾರನಿಗೆ ತಿಂಗಳ ಲೆಕ್ಕದಲ್ಲಿ ಕೊಡುವ ಕೋಣೆಯನ್ನು ಪ್ರವಾಸಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ದುಡ್ಡು ಹೆಚ್ಚು. ಕೊನೆಗೆ ತಟ್ಟೆ ತೊಳೆಯುವವರೇ ಊರಲ್ಲಿ ಉಳಿಯದಂತಾದೀತೆಂದು ವಿಸ್ಲರ್ 1997ರಲ್ಲಿ ಕೆಲಸಗಾರರ ವಸತಿಗೆಂದೇ ಒಂದು ಪ್ರಾಧಿಕಾರ ಮಾಡಿಕೊಂಡಿತು.

ಕಾಫಿಸೀಮೆಯ ಪಂಚಾಂಗವೂ ಹಾಗೇ ಇದೆ. ಅರೇಬಿಕಾ ಹಣ್ಣಾಗುವುದು ನವೆಂಬರಿನ ಹೊತ್ತಿಗೆ; ರೊಬಸ್ಟಾ ಕೊಯ್ಲು ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಕ್ರಿಸ್‌ಮಸ್ಸು, ಹೊಸ ವರ್ಷ, ಸಂಕ್ರಾಂತಿಯ ರಜೆ ಎಲ್ಲ ಬೀಳುವುದು ಇದೇ ನಡುವೆ. ಆ ತಿಂಗಳುಗಳಲ್ಲಿ ಮೂಡಿಗೆರೆಯ ಕಡೆ ಒಂದು ಖಾಲಿ ಕೋಣೆ ಇದೆ ಅಂದರೆ ಅದಕ್ಕೆ ಮೂವರು ಹಕ್ಕುದಾರರು: ವಾರಾಂತ್ಯದ ಅತಿಥಿ, ಕೆಲಸ ಹುಡುಕಿ ಬಂದ ಗಿರಿವ್ಯಸನಿ, ಅಸ್ಸಾಮಿನಿಂದ ಹಣ್ಣು ಕೊಯ್ಯಲು ಬಂದ ಕುಟುಂಬ. ಕೋಣೆ ಯಾರ ಪಾಲಾಗುತ್ತದೆ ಎಂದು ಹೇಳಲು ಸೈದ್ಧಾಂತಿಕ ಚೌಕಟ್ಟು ಬೇಕಿಲ್ಲ.

2.0 ವೃತ್ತಿ ವರ್ಗೀಕರಣ.

ವರ್ಗ ಕ: ಆತಿಥ್ಯಾವಲಂಬಿ, ಅಂದರೆ ಹೋಂಸ್ಟೇ ಮ್ಯಾನೇಜರ್. ಬುಕಿಂಗ್ ಫೋನು ತೆಗೆಯುವುದು, ಬಿಸಿನೀರು ಬಾರದಾಗ ಕ್ಷಮೆ ಕೇಳುವುದು, ಸಂಜೆ ಬೆಂಕಿ ಹಾಕುವುದು, ಹನ್ನೊಂದಾದ ಮೇಲೆ ಸ್ಪೀಕರ್ ನಿಲ್ಲಿಸಿ ಎಂದು ಕುಡಿದವರನ್ನು ಬೇಡಿಕೊಳ್ಳುವುದು ಇವನ ಕರ್ತವ್ಯಗಳು. ಬೆಳಿಗ್ಗೆ ಕಡುಬು ಬಡಿಸುತ್ತ "ಇದು ನಮ್ ಮಲೆನಾಡಿನ ತಿಂಡಿ ಸಾರ್" ಎನ್ನುತ್ತಾನೆ. ಇವನ ಊರು ರಾಜಾಜಿನಗರ. ವಸತಿ ಉಗ್ರಾಣದ ಪಕ್ಕದ ಕೋಣೆ. ಅತಿಥಿಗಳು ಹೆಚ್ಚಾದ ದಿನ ಅದನ್ನೂ ಬಿಟ್ಟುಕೊಟ್ಟು ಊಟದ ಹಾಲಿನಲ್ಲಿ ಚಾಪೆ. ಬೆಟ್ಟ ಹತ್ತಲು ಬಂದವನಿಗೆ ಬೆಟ್ಟ ಕಾಣುವುದು ಮಂಗಳವಾರ ಮಾತ್ರ.

ವರ್ಗ ಖ: ಶಿಖರಮಾರ್ಗದರ್ಶಿ. ಕಳಸದಿಂದ ಸಂಸೆ ದಾಟಿ ಮುಳ್ಳೋಡಿಗೆ ಹೋಗಿ, 1894 ಮೀಟರಿನ ಕುದುರೆಮುಖ ಶಿಖರಕ್ಕೆ ದಾರಿ ತೋರಿಸುತ್ತೇನೆಂದು ಹೊರಟವನು. ಆ ದಾರಿ ಮುಳ್ಳೋಡಿಯ ಮಕ್ಕಳಿಗೆ ಮೊದಲೇ ಗೊತ್ತಿರುವುದರಿಂದ ಇವನಿಗೇ ಒಬ್ಬ ಮಾರ್ಗದರ್ಶಿ ಬೇಕಾಗುತ್ತದೆ. ಮೇಲಾಗಿ ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ. 2024ರ ಜನವರಿಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ್ದೇ ನೆಪವಾಗಿ, ಆನ್‌ಲೈನ್ ಬುಕಿಂಗ್ ಬರುವ ತನಕ ರಾಜ್ಯದಲ್ಲಿ ಚಾರಣಕ್ಕೆ ತಡೆ ಬಿತ್ತು. ಜನ ಸೇರಿದ್ದು ಸುಬ್ರಹ್ಮಣ್ಯದಲ್ಲಿ, ಕೆಲಸ ಹೋದದ್ದು ಕಳಸದಲ್ಲಿ.

ವರ್ಗ ಗ: ಮೇಘಾಂತರ್ಗತ ದೂರಶ್ರಮಿಕ. ಲ್ಯಾಪ್‌ಟಾಪ್ ತಂದವನು. ಜೂನ್‌ವರೆಗೆ ಪರವಾಗಿಲ್ಲ. ಮಳೆ ಹಿಡಿದು, ಮರ ಬಿದ್ದು, ಕರೆಂಟು ದಿನಗಟ್ಟಲೆ ಹೋದ ಮೇಲೆ ಈ ವರ್ಗ ಸದ್ದಿಲ್ಲದೆ ಬೆಂಗಳೂರಿನ ಬಸ್ಸು ಹತ್ತುತ್ತದೆ.

ಮೂಲಪ್ರತಿಯಲ್ಲಿ ವರ್ಗ ಘದಿಂದ ಳದವರೆಗೆ ಯೋಜಿಸಲಾಗಿತ್ತು. ಙ ಅಕ್ಷರಕ್ಕೆ ಹೊಂದುವ ವೃತ್ತಿ ಇಡೀ ಜಿಲ್ಲೆಯಲ್ಲಿ ಸಿಗದ ಕಾರಣ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. "ಲೇಖಕ ತೇಜಸ್ವಿಯವರು ಮೂಡಿಗೆರೆಗೆ ಬಂದು ನೆಲೆಸಲಿಲ್ಲವೇ? ಎಂ.ಎ. ಮಾಡಿಕೊಂಡು ಮೇಷ್ಟರ ಕೆಲಸ ಹಿಡಿಯದೆ ಕಾಡಿನ ಬದುಕು ಆರಿಸಿಕೊಳ್ಳಲಿಲ್ಲವೇ?" ಪ್ರತಿ ಗಿರಿವ್ಯಸನಿಯ ಚೀಲದಲ್ಲೂ ಅವರ ‘ಕರ್ವಾಲೊ’ ಕಾದಂಬರಿ ಇರುವುದರಿಂದ ಈ ಆಕ್ಷೇಪಕ್ಕೆ ಸಮಾಧಾನ ಹೇಳಲೇಬೇಕು. ತೇಜಸ್ವಿ ಬಂದದ್ದು ತೋಟ ಮಾಡಲು. 2007ರಲ್ಲಿ ತೀರಿಕೊಳ್ಳುವ ತನಕ ಅವರಿದ್ದ ‘ನಿರುತ್ತರ’ ಅವರದೇ ಮನೆ. ಮಳೆ ಕೈಕೊಟ್ಟರೆ, ಕಾಫಿ ದರ ಬಿದ್ದರೆ ನಷ್ಟವೂ ಅವರದೇ. ಮಂದಣ್ಣ, ಪ್ಯಾರ, ಕಿವಿ ಇವರೆಲ್ಲ ಆ ಕಾದಂಬರಿಯೊಳಗೆ ಬಂದದ್ದು ಲೇಖಕ ನೆರೆಹೊರೆಯಲ್ಲಿ ಬೇರುಬಿಟ್ಟು ಬದುಕಿದ್ದರಿಂದ. ಮೂರು ರಾತ್ರಿಯ ಪ್ಯಾಕೇಜಿನಲ್ಲಿ ಹಾರುವ ಓತಿ ಕಾಣಿಸಿಕೊಳ್ಳುವುದಿಲ್ಲ.

3.0 ವಸತಿ ಮೀಮಾಂಸೆ. ಇನ್ನು ಮನೆ ಹುಡುಕುವ ವಿಧಿಯನ್ನು ನೋಡುವುದು. ಚಿಕ್ಕಮಗಳೂರು ಪೇಟೆಯಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡಿನ ಕೆಳಗೆ ನಡೆಯುವ ಜ್ಞಾನಮೀಮಾಂಸಾತ್ಮಕ ಸಂವಾದ ಸಾಮಾನ್ಯವಾಗಿ ಹೀಗಿರುತ್ತದೆ:

"ಫ್ಯಾಮಿಲಿನಾ, ಬ್ಯಾಚುಲರ್ರಾ?"

"ಬ್ಯಾಚುಲರ್ ಸಾರ್."

"ಕೆಲ್ಸ ಎಲ್ಲಿ?"

"ಹುಡುಕ್ತಾ ಇದೀನಿ."

"ನಾನ್‌ವೆಜ್ ತಿಂತೀರಾ?"

"ಇಲ್ಲ ಸಾರ್. ಮೊಟ್ಟೆ ಮಾತ್ರ."

"ಏನೋ ಹೆಸ್ರು ಹೇಳಿದ್ರಲ್ಲ. ಪೂರ್ತಿ ಹೆಸ್ರೇನು?"

ಪೂರ್ತಿ ಹೆಸರು ಕೇಳುವುದು ಕರಾರು ಪತ್ರಕ್ಕಲ್ಲ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಗಿರಿವ್ಯಸನಿಗಳಲ್ಲಿ ಕೆಲವರಿಗೆ ಈ ಕೊನೆಯ ಪ್ರಶ್ನೆ ದಾಟುವುದು ಮುಳ್ಳಯ್ಯನಗಿರಿ ಹತ್ತುವುದಕ್ಕಿಂತ ಸುಲಭ. ಇನ್ನು ಕೆಲವರಿಗೆ ಮನೆ ಅಲ್ಲೇ, ಮೆಟ್ಟಿಲ ಮೇಲೇ ಮುಗಿಯುತ್ತದೆ. ಬೆಟ್ಟದ ಗಾಳಿ ಶುದ್ಧ ಎಂದು ಬರೆಯುವ ಪ್ರವಾಸಿ ಲೇಖಕರು ಈ ಗಾಳಿಯನ್ನೂ ಒಮ್ಮೆ ಉಸಿರಾಡಿ ನೋಡಬೇಕು.

3.1 ಪೇಟೆಯಲ್ಲಿ ಸೋತ ಗಿರಿವ್ಯಸನಿ ತೋಟದ ಕಡೆ ತಿರುಗುತ್ತಾನೆ. ದೂರದಿಂದ ಸಾಲಾಗಿ ಕಾಣುವ ಹೆಂಚಿನ ಮನೆಗಳು, ಅಂದರೆ ಕೂಲಿಯವರ ‘ಲೈನು’, ಅವನ ಕಣ್ಣಿಗೆ ಬಹಳ ಚಂದ. ಗೋಡೆಗೆ ಗೋಡೆ ತಾಗಿದ ಸಾಲು, ಮುಂದೊಂದು ಜಗಲಿ, ಹಿಂದೆ ಸಿಲ್ವರ್ ಓಕ್ ಮರ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳುತ್ತಾನೆ: "ಲೈನಲ್ಲಿ ಒಂದ್ ಮನೆ ಖಾಲಿ ಇದ್ರೆ ಕೊಡ್ತೀರಾ ಸಾರ್? ಎಷ್ಟಾದ್ರೂ ಅಡ್ಜಸ್ಟ್ ಮಾಡ್ಕೋತೀನಿ."

"ಲೈನಲ್ಲಿ ಇರ್ಬೇಕು ಅಂದ್ರೆ ಹಣ್ಣು ಕೊಯ್ಬೇಕು ಮಾರಾಯ್ರೆ. ದಿನಕ್ಕೆ ಎಷ್ಟ್ ಕೆಜಿ ಕೊಯ್ತೀರಿ?"

ಇಡೀ ಪ್ರಬಂಧದಲ್ಲಿ ತರ್ಕಶುದ್ಧವಾದ ವಾಕ್ಯ ಇದೊಂದೇ. ಇದಾದ ಮೇಲೆ ದ್ವಂದ್ವಾತ್ಮಕ ಅನುಸಂಧಾನವನ್ನು ಮುಂದುವರಿಸಲು ಪ್ರಬಂಧಕಾರರಿಗೆ ನಾಲಗೆ ಏಳುವುದಿಲ್ಲ.

ಏಕೆಂದರೆ ಬೆಟ್ಟದಲ್ಲಿ ಕೆಲಸ ಮತ್ತು ಮನೆ ಎರಡೂ ಒಟ್ಟಿಗೆ ಬೇಕಾದವರು ಗಿರಿವ್ಯಸನಿಗಿಂತ ನೂರೈವತ್ತು ವರ್ಷ ಮೊದಲೇ ಇಲ್ಲಿಗೆ ಬಂದಿದ್ದಾರೆ. ಘಟ್ಟದ ಕೆಳಗಿನಿಂದ ಬಂದರು, ತಮಿಳು ಸೀಮೆಯಿಂದ ಬಂದರು, ಈಗ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬರುತ್ತಿದ್ದಾರೆ. ಮುಂಗಡ ಕೊಟ್ಟು ಕರೆತರುವ ಮೇಸ್ತ್ರಿ ಅಂದೂ ಇದ್ದ, ಇಂದೂ ಇದ್ದಾನೆ. ಅಂದು ಕಾಲ್ನಡಿಗೆ, ಇಂದು ರೈಲು. ವಿಸ್ಲರ್‌ಗಿಂತ 46 ವರ್ಷ ಮೊದಲು, 1951ರಲ್ಲೇ, ಈ ದೇಶ ತೋಟ ಕಾರ್ಮಿಕರ ಕಾಯ್ದೆ ಮಾಡಿತು. ಅದರ 15ನೇ ಕಲಂ ಕೆಲಸಗಾರರಿಗೂ ಅವರ ಕುಟುಂಬಕ್ಕೂ ಮನೆ ಒದಗಿಸಿ ಕಾಪಾಡಿಕೊಂಡು ಬರುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹಾಕಿತು. ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ, ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳಲು ಜಾಗ, ಎಲ್ಲವೂ ಅದರಲ್ಲಿತ್ತು. ಓದಿದರೆ ಯಾವ ಹೋಂಸ್ಟೇ ಜಾಹೀರಾತಿಗೂ ಕಡಿಮೆಯಿಲ್ಲ.

ಆದರೆ ಕಾಯ್ದೆ ಅನ್ವಯವಾಗುತ್ತಿದ್ದದ್ದು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಮಂದಿಯಾದರೂ ದುಡಿಯುವ ತೋಟಗಳಿಗೆ. ಇಲ್ಲಿನ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ತೋಟದ ಹೊರಗೆ ವಾಸವಿರುವವರು ಮನೆ ಕೇಳಬೇಕಾದರೆ ಸತತ ಆರು ತಿಂಗಳು ದುಡಿದಿರಬೇಕಿತ್ತು. ಕೊಯ್ಲು ನಡೆಯುವುದು ನಾಲ್ಕು ತಿಂಗಳು. ಹಣ್ಣು ಮುಗಿಯಿತು, ಲೆಕ್ಕ ಮುಗಿಯಿತು, ಹಕ್ಕು ಹುಟ್ಟುವ ಮೊದಲೇ ಮನುಷ್ಯ ಊರು ಬಿಟ್ಟಿರುತ್ತಾನೆ. 2020ರ ಕಾರ್ಮಿಕ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಲೈನಿನ ಹೆಂಚು ಅದರಿಂದ ಬದಲಾಗುವುದಿಲ್ಲ.

ಕಾಯಂ ಕೆಲಸದವರ ಕಥೆ ಬೇರೆ. ಅವರಿಗೆ ಮನೆ ಇದೆ, ಆದರೆ ಮನೆ ಕೆಲಸಕ್ಕೆ ಕಟ್ಟಿಹಾಕಿದ್ದು. ಕೆಲಸ ಬಿಟ್ಟರೆ ಲೈನು ಬಿಡಬೇಕು. ಅಜ್ಜಿ ಹಣ್ಣು ಕೊಯ್ದ ತೋಟದಲ್ಲೇ ಮೊಮ್ಮಗಳೂ ಕೊಯ್ಯುತ್ತಾಳೆ, ಆದರೂ ಕುಟುಂಬದ ಹೆಸರಿಗೆ ಅಂಗೈಯಗಲ ಜಾಗವಿಲ್ಲ. ಹಾಗಾಗಿಯೇ ಕೂಲಿ ಜಾಸ್ತಿ ಕೇಳುವಾಗ ದನಿ ತಗ್ಗುತ್ತದೆ. ಮೂಡಿಗೆರೆ ಸೀಮೆಯಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟು ಕಾಡಾನೆಗೆ ಸಿಕ್ಕಿ ಸತ್ತವರಲ್ಲಿ ತೋಟದ ಕೂಲಿಯವರಿದ್ದಾರೆ. ಅದೇ ಮಂಜಿಗೆ, ಅದೇ ಆನೆಗೆ ವಾರಾಂತ್ಯದ ದರ ಬೇರೆ. ಸಂಕಿರಣಗಳಲ್ಲಿ ‘ಅಂಚಿನವರ ಕಥನ’ ಎಂದು ಗಂಟೆಗಟ್ಟಲೆ ಮಾತಾಡಿ, ಅದೇ ತೋಟದ ಬಂಗಲೆಯಲ್ಲಿ ಕೋಳಿಸಾರು ಉಂಡು, ಲೈನಿನ ಮುಂದೆ ಕಾರು ನಿಧಾನ ಮಾಡದೆ ಹೋಗುವವರನ್ನು ಕಂಡರೆ ಪ್ರಬಂಧಕಾರರಿಗೆ ಸಿಟ್ಟು ಬರುತ್ತದೆ. ಇದನ್ನು ಅಕಾಡೆಮಿಕ್ ಭಾಷೆಯಲ್ಲಿ ಹೇಳುವುದು ಹೇಗೆಂದು ಅವರಿಗೆ ಇನ್ನೂ ತಿಳಿದಿಲ್ಲ.

ಬೆಟ್ಟದಲ್ಲಿ ಮನೆಗಳೇ ಇಲ್ಲವೆಂದಲ್ಲ. ಕಳಸದಿಂದ ಕುದುರೆಮುಖ ಪಟ್ಟಣಕ್ಕೆ ಹೋದವರು ನೋಡಿರುತ್ತಾರೆ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದ ಮೇಲೆ ಕಾಡಿನ ನಡುವೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಎದ್ದವು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಕೆಲಸದ ಜೊತೆ ಜನ ಹೋದರು. ಮನೆಗಳು ಹೋಗಲಾರದೆ ಉಳಿದವು. ಸಾಲುಸಾಲು ಕ್ವಾರ್ಟರ್ಸ್ ಪಾಚಿ ಕಟ್ಟಿ ಮಳೆಗೆ ನೆನೆಯುತ್ತವೆ. ಕೆಲಸವಿದ್ದಲ್ಲಿ ಮನೆಯಿಲ್ಲ, ಮನೆಯಿದ್ದಲ್ಲಿ ಕೆಲಸವಿಲ್ಲ.

ಇದ್ದ ಮನೆಯೇ ಹೋದವರೂ ಇದ್ದಾರೆ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆ ಕೊಚ್ಚಿಹೋದವು. ಬದಲಿ ಜಾಗಕ್ಕಾಗಿ ಆ ಜನ ವರ್ಷಗಟ್ಟಲೆ ಕಚೇರಿ ಅಲೆದರು. 2022ರಲ್ಲಿ ಚಂದ್ರದ್ರೋಣ ಬೆಟ್ಟಗಳ ಮೇಲೆ ಕುರಿಂಜಿ ಅರಳಿದಾಗ ಮಾತ್ರ ಜಿಲ್ಲೆಗೆ ವಾಹನಗಳ ಸಾಲೇ ಹರಿದುಬಂತು. ಹೂವು ನೋಡಲು ಬಂದವರನ್ನು ಬೈಯುವ ಉದ್ದೇಶ ಪ್ರಬಂಧಕಾರರಿಗಿಲ್ಲ. ಹೂವು ನಿಜಕ್ಕೂ ಚೆನ್ನಾಗಿತ್ತು.

4.0 ಉಪಸಂಹಾರ ಬರೆಯಬೇಕಿತ್ತು. ಅದರ ಬದಲು ಗಿರಿವ್ಯಸನಿಗಳಲ್ಲೂ ಅತಿಥಿಗಳಲ್ಲೂ ಒಂದು ವಿನಂತಿ. ಈ ನವೆಂಬರಿನಲ್ಲಿ ಬೆಟ್ಟಕ್ಕೆ ಬರುವವರು, ಕೋಣೆಯಲ್ಲಿ ವೈಫೈ ಇದೆಯೇ, ಬಿಸಿನೀರು ಇದೆಯೇ ಎಂದು ಫೋನಿನಲ್ಲಿ ಕೇಳುತ್ತೀರಲ್ಲ, ಜೊತೆಗೆ ಇನ್ನೊಂದನ್ನೂ ಕೇಳಿ: ನಿಮ್ಮಲ್ಲಿ ಅಡುಗೆ ಮಾಡುವವರು, ಹಣ್ಣು ಕೊಯ್ಯುವವರು ರಾತ್ರಿ ಮಲಗುವುದು ಎಲ್ಲಿ? ಉತ್ತರ ಕೊಡಲು ಹಿಂದೆಮುಂದೆ ನೋಡುವ ಕಡೆ ಬುಕಿಂಗ್ ಮಾಡಬೇಡಿ.